ಡ್ರೈ, ವೆಟ್, ಹಸಿ ಮಾಂಸ: ದಾವಣಗೆರೆ ಬಿಸಿಲಲ್ಲಿ ಬೆಕ್ಕಿಗೆ ಏನು ಹಾಕೋದು?

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಗುಂಡ ಬೆಳಗ್ಗೆಯಿಂದ ನಾಲ್ಕೈದು ಸಲ ಮರಳಿನ ಟ್ರೇಗೆ ಹೋದ. ಕೂತ, ತಿಣುಕಿದ, ಏನೂ ಆಗದೆ ಎದ್ದು ಬಂದ. ಅತ್ತೆ ನೋಡಿ, "ಮಲ ಕಟ್ಟೈತೆ ನೋಡಮ್ಮ, ಒಂದೀಟು ಹಾಲು ಹಾಕು" ಅಂದರು. ನನಗೂ ಹಾಗೇ ಅನಿಸಿತು, ಹಾಲು ಹಾಕಿದೆ. ಸಂಜೆ ಹೊತ್ತಿಗೆ ಅವನು ಮಂಚದ ಕೆಳಗೆ ಸೇರಿಕೊಂಡು, ನಾನು ಯಾವತ್ತೂ ಕೇಳಿರದಂಥ ದನಿಯಲ್ಲಿ ಕೂಗುತ್ತಿದ್ದ. ಹೊಟ್ಟೆ ಮುಟ್ಟೋಕೆ ಬಿಡಲಿಲ್ಲ. ಪುಣ್ಯಕ್ಕೆ ಆ ರಾತ್ರಿಯೇ ಡಾಕ್ಟರ್ ಸಿಕ್ಕರು. ಕಟ್ಟಿದ್ದು ಮಲ ಅಲ್ಲ, ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಪೂರ, ಹರಳು ಅಥವಾ ಲೋಳೆ ಸಿಕ್ಕಿಹಾಕಿಕೊಂಡರೆ ಪೂರ್ತಿ ಮುಚ್ಚಿಹೋಗುತ್ತದೆ, ಹಾಗೇ ಬಿಟ್ಟರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ನಳಿಕೆ ಹಾಕಿ ಖಾಲಿ ಮಾಡಿದರು, ಮೂರು ದಿನ ಡ್ರಿಪ್ ಹಾಕಿದರು, ಉಳಿದುಕೊಂಡ.

ಆವತ್ತು ಡಾಕ್ಟರ್ ಎರಡೇ ಪ್ರಶ್ನೆ ಕೇಳಿದರು. "ಏನು ತಿನ್ನಿಸ್ತೀರಿ?" ಬರೀ ಡ್ರೈ ಫುಡ್, ಅಂದರೆ ಪ್ಯಾಕೆಟ್‌ನಲ್ಲಿ ಬರುವ ಒಣ ಕಾಳು ಅಂದೆ. "ನೀರು ಎಷ್ಟು ಕುಡೀತಾನೆ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಡ್ರೈ ಫುಡ್ಡೇ ಕಾರಣ ಅಂತ ಹೇಳುತ್ತಿಲ್ಲ. ತೂಕ, ಒತ್ತಡ, ಮನೆಯೊಳಗೇ ಇರೋದು, ಇವೆಲ್ಲ ಸೇರಿ ಆಗುವ ಕಾಯಿಲೆ ಅದು. ಆದರೆ ಆಮೇಲಿಂದ ನಾನು ಬೆಕ್ಕಿನ ಆಹಾರ ನೋಡುವ ರೀತಿಯೇ ಬದಲಾಯಿತು. ಎಲ್ಲರೂ ಮೊದಲು ಪ್ರೋಟೀನ್ ಎಷ್ಟು, ಕಂಪನಿ ಯಾವುದು, ರೇಟ್ ಎಷ್ಟು ಅಂತ ಕೇಳುತ್ತಾರೆ. ನಾನು ಮೊದಲು ಕೇಳೋದು, ಇದರಲ್ಲಿ ನೀರು ಎಷ್ಟಿದೆ ಅಂತ. ನಮ್ಮೂರಲ್ಲಿ ಮಾರ್ಚ್‌ನಿಂದ ಮೇ ತನಕ ಹೇಗೆ ಕಾಯುತ್ತದೆ ಅಂತ ನಿಮಗೂ ಗೊತ್ತಲ್ವಾ. ಮಹಡಿ ಮೇಲಿನ ಟ್ಯಾಂಕಿನ ನೀರನ್ನ ಮಧ್ಯಾಹ್ನ ನಾವೇ ಕುಡಿಯೋಕಾಗಲ್ಲ, ಬೆಕ್ಕು ಕುಡಿಯುತ್ತದೆಯೇ?

ಬೆಕ್ಕಿಗೆ ಬಾಯಾರಿಕೆ ಕಡಿಮೆ. ನಾಯಿ ಥರ ನೀರು ಕಂಡಲ್ಲಿ ಲೊಚಲೊಚ ಕುಡಿಯೋದು ಅದರ ಸ್ವಭಾವ ಅಲ್ಲ. ನಮ್ಮ ಮನೆಬೆಕ್ಕುಗಳೆಲ್ಲ ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾದ ಒಣ ನಾಡಿನ ಕಾಡುಬೆಕ್ಕಿನ ಸಂತತಿ. ಅಲ್ಲಿ ಅದಕ್ಕೆ ನೀರು ಸಿಗುತ್ತಿದ್ದುದು ಬೇಟೆಯ ಮೈಯಿಂದಲೇ. ಒಂದು ಇಲಿಯ ಮೈಯಲ್ಲಿ ಸುಮಾರು ನೂರಕ್ಕೆ 70 ಭಾಗ ನೀರು ಇರುತ್ತದೆ. ಅದೇ ಬೆಕ್ಕಿಗೆ ನಾವು ಡ್ರೈ ಫುಡ್ ಹಾಕಿದರೆ ಅದರಲ್ಲಿ ಇರೋದು ನೂರಕ್ಕೆ 10 ಭಾಗ ನೀರು, ಕೆಲವದರಲ್ಲಿ ಅದಕ್ಕಿಂತ ಕಡಿಮೆ. ಪೌಚ್ ಅನ್ನುವ ಸಣ್ಣ ಚೀಲದಲ್ಲಿ ಬರುವ ಮೆತ್ತನೆಯ ವೆಟ್ ಫುಡ್‌ನಲ್ಲಿ 75ರಿಂದ 82ರಷ್ಟು.

ಲೆಕ್ಕ ಹಾಕಿ ನೋಡಿ. 4 ಕೆಜಿ ತೂಗುವ ದೊಡ್ಡ ಬೆಕ್ಕಿಗೆ ದಿನಕ್ಕೆ ಸುಮಾರು 200 ಮಿಲಿ ನೀರು ಬೇಕು, 200ರಿಂದ 250 ಕ್ಯಾಲರಿ ಬೇಕು. ಅಷ್ಟು ಕ್ಯಾಲರಿಗೆ ಡ್ರೈ ಫುಡ್ ಆದರೆ 60 ಗ್ರಾಂ ಸಾಕು. ಅದರಿಂದ ಸಿಗುವ ನೀರು ಬರೀ 6 ಮಿಲಿ, ಅಂದರೆ ಒಂದು ಟೀ ಚಮಚಕ್ಕಿಂತ ಚೂರು ಜಾಸ್ತಿ. ಉಳಿದದ್ದನ್ನೆಲ್ಲ ಅದು ಬಟ್ಟಲಿನಿಂದಲೇ ಕುಡಿಯಬೇಕು. ಡ್ರೈ ತಿನ್ನುವ ಬೆಕ್ಕು ಜಾಸ್ತಿ ನೀರು ಕುಡಿಯೋದು ನಿಜ, ಆದರೂ ಒಟ್ಟು ಲೆಕ್ಕದಲ್ಲಿ ವೆಟ್ ತಿನ್ನುವ ಬೆಕ್ಕಿನ ಮೈಗೆ ಹೋಗುವಷ್ಟು ನೀರು ಇದಕ್ಕೆ ಹೋಗುವುದಿಲ್ಲ, ಮೂತ್ರ ಗಟ್ಟಿಯಾಗಿಯೇ ಇರುತ್ತದೆ. ವೆಟ್ ಆದರೆ ದಿನಕ್ಕೆ 250ರಿಂದ 280 ಗ್ರಾಂ ಬೇಕು, ಅದರಲ್ಲೇ 200 ಮಿಲಿ ನೀರು ಬಂದುಬಿಡುತ್ತದೆ.

ಹಾಗಂತ ಡ್ರೈ ಫುಡ್ ಕೆಟ್ಟದ್ದು ಅಂತ ನಾನು ಹೇಳಲಾರೆ. ಕೆಲಸಕ್ಕೆ ಹೋಗುವವರಿಗೆ ಅದು ದೊಡ್ಡ ಅನುಕೂಲ. ಬೆಳಗ್ಗೆ ಬಟ್ಟಲಿಗೆ ಹಾಕಿ ಹೋದರೆ ಸಂಜೆ ತನಕ ಹಳಸುವುದಿಲ್ಲ. ಫ್ರಿಜ್ ಬೇಡ, ಕರೆಂಟ್ ಹೋದರೂ ಚಿಂತೆ ಇಲ್ಲ, ಮನೆಯಲ್ಲಿ ವಾಸನೆ ಇಲ್ಲ, ದುಡ್ಡೂ ಕಡಿಮೆ. ಒಳ್ಳೆ ಡ್ರೈ ಫುಡ್‌ನಲ್ಲಿ ಬೆಕ್ಕಿಗೆ ಬೇಕಾದ ವಿಟಮಿನ್, ಟೌರಿನ್ ಅನ್ನುವ ಪೋಷಕಾಂಶ ಎಲ್ಲ ಅಳತೆ ಪ್ರಕಾರ ಇರುತ್ತದೆ. ಬರೀ ಡ್ರೈ ತಿಂದುಕೊಂಡೇ 15 ವರ್ಷ ಬಾಳಿದ ಬೆಕ್ಕುಗಳೂ ಇವೆ.

ತೊಂದರೆ ಆಗೋದು ನಾವು ಅದನ್ನ ಹಾಕುವ ರೀತಿಯಿಂದ. ಬಟ್ಟಲು ತುಂಬಿಸಿಟ್ಟು ಹೋಗುತ್ತೇವೆ, ಮನೆಯೊಳಗೇ ಇರುವ ಬೆಕ್ಕು ಬೇಜಾರಾದಾಗೆಲ್ಲ ಹೋಗಿ ತಿನ್ನುತ್ತದೆ, ಆರು ತಿಂಗಳಲ್ಲಿ ಹೊಟ್ಟೆ ಜೋತು ಬೀಳುತ್ತದೆ. ಡ್ರೈ ಫುಡ್ ತುಂಬಾ ಶಕ್ತಿ ತುಂಬಿದ ಪದಾರ್ಥ, 100 ಗ್ರಾಂಗೆ 350ರಿಂದ 400 ಕ್ಯಾಲರಿ. ಒಂದು ಹಿಡಿ ಜಾಸ್ತಿ ಆದರೂ ಲೆಕ್ಕ ತಪ್ಪುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಸಲ 60 ಗ್ರಾಂ ತೂಗಿ ನೋಡಿ, ಎಷ್ಟು ಕಡಿಮೆ ಕಾಣುತ್ತದೆ ಅಂತ ನಿಮಗೇ ಆಶ್ಚರ್ಯ ಆಗುತ್ತದೆ. ಸಂತಾನಹರಣದ ಆಪರೇಷನ್ ಆದ ಬೆಕ್ಕಿಗಂತೂ ಅಳತೆ ಮಾಡಿಯೇ ಹಾಕಬೇಕು, ಅವಕ್ಕೆ ಹಸಿವು ಜಾಸ್ತಿ, ಖರ್ಚಾಗುವ ಶಕ್ತಿ ಕಡಿಮೆ.

ಇನ್ನೊಂದು ಮಾತು. ಮೂಟೆ ಬಿಚ್ಚಿಟ್ಟು ಕೆಜಿ ಲೆಕ್ಕದಲ್ಲಿ ತೂಗಿ ಕೊಡುವ ಲೂಸ್ ಡ್ರೈ ಫುಡ್ ದಯವಿಟ್ಟು ತರಬೇಡಿ. ಅದರ ಮೇಲೆ ಕೊಬ್ಬಿನ ಲೇಪ ಇರುತ್ತದೆ. ಗಾಳಿಗೆ, ಸೆಖೆಗೆ ಅದು ಕಮಟು ಹಿಡಿಯುತ್ತದೆ, ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಯಾವ ತಿಂಗಳು ತಯಾರಾಗಿದ್ದು, ಯಾವಾಗ ಅವಧಿ ಮುಗಿಯುತ್ತದೆ, ಒಂದೂ ಗೊತ್ತಾಗಲ್ಲ. ನಾನು ಸಣ್ಣ ಪ್ಯಾಕೆಟ್ ತಂದು, ಅದೇ ಪ್ಯಾಕೆಟ್ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಒಂದು ತಿಂಗಳೊಳಗೆ ಮುಗಿಸುತ್ತೇನೆ.

ಗಟ್ಟಿ ಕಾಳು ಕಡಿದರೆ ಹಲ್ಲು ಸ್ವಚ್ಛ ಆಗುತ್ತದೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ನಂಬಬೇಡಿ. ಸುಮಾರು ಬೆಕ್ಕುಗಳು ಕಾಳನ್ನ ಕಡಿಯದೆ ನುಂಗುತ್ತವೆ, ಕಡಿದರೂ ಅದು ತಕ್ಷಣ ಪುಡಿ ಆಗುತ್ತದೆ. ಹಲ್ಲಿಗಾಗಿಯೇ ಮಾಡಿದ ವಿಶೇಷ ಆಹಾರ ಬೇರೆ ಇದೆ, ಅದರ ಮಾತು ಬೇರೆ.

ಈಗ ವೆಟ್. ನೀರಿನ ವಿಷಯದಲ್ಲಿ ಇದೇ ಗೆಲ್ಲುತ್ತದೆ. ಮೂತ್ರದ ತೊಂದರೆ ಬಂದು ಹೋದ ಗಂಡು ಬೆಕ್ಕು, ಕಿಡ್ನಿ ಸೋತ ವಯಸ್ಸಾದ ಬೆಕ್ಕು, ಮಲ ಗಟ್ಟಿಯಾಗುವ ಬೆಕ್ಕು, ತೂಕ ಇಳಿಸಬೇಕಾದ ಬೆಕ್ಕು, ಹಲ್ಲು ಬಿದ್ದ ಬೆಕ್ಕು, ಇವಕ್ಕೆಲ್ಲ ವೆಟ್ ಒಳ್ಳೆಯದು. ಪಿಷ್ಟವೂ ಕಡಿಮೆ. ಡ್ರೈ ಕಾಳು ಮೆಷಿನ್‌ನಲ್ಲಿ ಆಕಾರ ಹಿಡಿದು ನಿಲ್ಲಬೇಕಾದರೆ ಅಕ್ಕಿ, ಜೋಳ, ಬಟಾಣಿಯಂಥದ್ದು ಏನಾದರೂ ಹಾಕಲೇಬೇಕು. ವೆಟ್‌ಗೆ ಆ ಕಟ್ಟುಪಾಡು ಇಲ್ಲ.

ಆದರೆ ಪ್ಯಾಕೆಟ್ ಹಿಂದೆ ಓದಿದರೆ ಡ್ರೈನಲ್ಲಿ ಪ್ರೋಟೀನ್ 32, ವೆಟ್‌ನಲ್ಲಿ 10 ಅಂತ ಇರುತ್ತದೆ. ವೆಟ್‌ನಲ್ಲಿ ಏನೂ ಇಲ್ಲ, ಬರೀ ನೀರಿಗೆ ದುಡ್ಡು ಕೊಡ್ತಿದೀವಿ ಅಂತ ಸುಮಾರು ಜನ ಹಿಂದೆ ಸರಿಯುತ್ತಾರೆ. ಹಾಗಲ್ಲ. ನೀರು ತೆಗೆದು ಹೋಲಿಸಬೇಕು. 100 ಗ್ರಾಂ ವೆಟ್‌ನಲ್ಲಿ 82 ಗ್ರಾಂ ನೀರು ಅಂದರೆ ಉಳಿದದ್ದು 18 ಗ್ರಾಂ, ಆ 18ರಲ್ಲಿ 10 ಗ್ರಾಂ ಪ್ರೋಟೀನ್, ಅಂದರೆ ನೂರಕ್ಕೆ 55. ಡ್ರೈನಲ್ಲಿ 10 ಗ್ರಾಂ ನೀರು ತೆಗೆದರೆ 90, ಅದರಲ್ಲಿ 32, ಅಂದರೆ ನೂರಕ್ಕೆ 35 ಚಿಲ್ಲರೆ. ಈ ಲೆಕ್ಕ ಒಂದು ಸಲ ಮಾಡಿದರೆ ಯಾವ ಪ್ಯಾಕೆಟ್ ಆದರೂ ನೀವೇ ಅಳೆಯಬಹುದು.

ಇನ್ನೂ ಮುಖ್ಯವಾದದ್ದು, ಪೌಚ್ ಮೇಲೆ 'ಕಂಪ್ಲೀಟ್' ಅಂತ ಇದೆಯೋ 'ಕಾಂಪ್ಲಿಮೆಂಟರಿ' ಅಂತ ಇದೆಯೋ ನೋಡಿ. ಎರಡನೆಯದಾದರೆ ಅದು ಊಟ ಅಲ್ಲ, ಮೇಲೋಗರ. ಬೆಕ್ಕು ನೆಕ್ಕಿ ನೆಕ್ಕಿ ತಿನ್ನುವ ಕ್ರೀಮ್ ಟ್ಯೂಬ್‌ಗಳು ಬಹುಪಾಲು ಈ ಜಾತಿಯವು. ನಿಟ್ಟುವಳ್ಳಿಯಲ್ಲಿರುವ ನನ್ನ ಗೆಳತಿ ಎರಡು ತಿಂಗಳು ಮರಿಗೆ ಅದನ್ನೇ ಊಟ ಅಂತ ಹಾಕುತ್ತಿದ್ದಳು, ಮರಿ ಬೆಳೆಯಲೇ ಇಲ್ಲ. ಒಂದು ವರ್ಷ ತುಂಬುವ ತನಕ 'ಕಿಟನ್' ಅಂತ ಬರೆದದ್ದೇ ಹಾಕಬೇಕು.

ವೆಟ್‌ನ ಕಷ್ಟಗಳು ನಮ್ಮ ಮನೆಗಳಿಗೆ ತಕ್ಕಂತೆ ಬರುತ್ತವೆ. ಬೇಸಿಗೆಯಲ್ಲಿ ತಟ್ಟೆಗೆ ಹಾಕಿ ಒಂದು ಗಂಟೆ ಆದರೆ ನಾನು ಎತ್ತಿಬಿಡುತ್ತೇನೆ. ಇರುವೆಗಳಂತೂ ಹತ್ತು ನಿಮಿಷ ಸಾಕು, ಸಾಲು ಹಿಡಿದು ಬರುತ್ತವೆ. ಒಂದು ಅಗಲದ ತಟ್ಟೆಗೆ ನೀರು ಹಾಕಿ ಅದರ ಮಧ್ಯೆ ಬಟ್ಟಲಿಟ್ಟರೆ ಆ ಕಾಟ ತಪ್ಪುತ್ತದೆ. ಉಳಿದರ್ಧ ಪೌಚ್ ಫ್ರಿಜ್‌ನಲ್ಲೇ ಇಡಬೇಕು, ಇಲ್ಲಿ ಬರುತ್ತದೆ ನಿಜವಾದ ಸಮಸ್ಯೆ. ನಮ್ಮದು ಮಾಂಸ ತಿನ್ನದ ಮನೆ. ಹಾಲು, ಮೊಸರು, ದೋಸೆ ಹಿಟ್ಟು ಇಡುವ ಫ್ರಿಜ್‌ನಲ್ಲಿ ಮಾಂಸದ ಪೌಚ್ ಇಡೋದು ಅತ್ತೆಗೆ ಆಗಲಿಲ್ಲ. ಅವರ ಮನಸ್ಸಿಗೆ ಕಸಿವಿಸಿ ಆಗೋದನ್ನ ನಾನು ತಪ್ಪು ಅನ್ನಲಾರೆ, ಅವರು ಹುಟ್ಟಿದಾಗಿನಿಂದ ಹಾಗೇ ಬದುಕಿದವರು. ಅದಕ್ಕೆ ಒಂದು ದಾರಿ ಮಾಡಿಕೊಂಡೆವು. 70-80 ಗ್ರಾಂನ ಸಣ್ಣ ಪೌಚ್ ಮಾತ್ರ ತರುತ್ತೇನೆ, ಬಿಚ್ಚಿದ್ದನ್ನ ಒಂದೇ ಹೊತ್ತಿಗೆ ಖಾಲಿ ಮಾಡುತ್ತೇವೆ, ಬೆಕ್ಕಿನ ತಟ್ಟೆ, ಚಮಚ ಬೇರೆ, ತೊಳೆಯೋದು ಹಿತ್ತಲ ನಲ್ಲಿಯಲ್ಲಿ. ಬೆಕ್ಕು ಅನ್ನೋದು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ, ಅದಕ್ಕೆ ನಮ್ಮ ಥರ ಆಯ್ಕೆ ಇಲ್ಲ ಅಂತ ಕೂತು ಹೇಳಿದಾಗ ಅತ್ತೆ ಒಪ್ಪಿದರು. ಈಗ ಗುಂಡನ ಸಂಜೆ ಪೌಚ್ ಬಿಚ್ಚೋದು ಅವರೇ.

ದುಡ್ಡಿನ ಲೆಕ್ಕ ನಾನು ಕೊಡುವ ರೇಟಿನಲ್ಲಿ ಹೇಳುತ್ತೇನೆ. ಡ್ರೈ ಕೆಜಿಗೆ 400 ರೂಪಾಯಿ, ಪೌಚ್ ಒಂದಕ್ಕೆ 45. ಬರೀ ಡ್ರೈ ಆದರೆ ತಿಂಗಳಿಗೆ 720 ರೂಪಾಯಿ. ಬರೀ ವೆಟ್ ಆದರೆ ದಿನಕ್ಕೆ ಮೂರರಿಂದ ನಾಲ್ಕು ಪೌಚ್ ಬೇಕು, ತಿಂಗಳಿಗೆ 4,000 ದಾಟಿ 5,400ರ ತನಕ ಹೋಗುತ್ತದೆ. ಒಂದು ಪೌಚ್ ಜೊತೆಗೆ 43 ಗ್ರಾಂ ಡ್ರೈ ಅಂದರೆ ಸುಮಾರು 1,900. ಎರಡು ಬೆಕ್ಕಿದ್ದರೆ ಇದು ಸಣ್ಣ ಮಾತಲ್ಲ. ಆದರೆ ಗುಂಡನ ಆ ಮೂರು ದಿನದ ಆಸ್ಪತ್ರೆ ಖರ್ಚಿಗೆ ತಿಂಗಳುಗಟ್ಟಲೆ ಪೌಚ್ ಬರುತ್ತಿತ್ತು.

ಹಸಿ ಮಾಂಸದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು, ಯಾಕೆಂದರೆ ಈಚೆಗೆ ತುಂಬಾ ಜನ ಇದನ್ನ ಕೇಳುತ್ತಿದ್ದಾರೆ. ಅವರ ವಾದ ಸರಳ: ಬೆಕ್ಕು ಇಲಿಯನ್ನ ಬೇಯಿಸಿ ತಿನ್ನುತ್ತದೆಯೇ? ಇಲ್ಲ. ಮಾಂಸದಲ್ಲಿ ನೀರಿದೆ, ಪ್ರೋಟೀನ್ ಇದೆ, ಪಿಷ್ಟ ಇಲ್ಲ. ಇದೆಲ್ಲ ನಿಜ. ಆದರೆ ಇಲಿ ತಿನ್ನುವ ಬೆಕ್ಕು ಬರೀ ಮಾಂಸ ತಿನ್ನುವುದಿಲ್ಲ. ಮೂಳೆ, ಲಿವರ್, ಹೃದಯ, ರಕ್ತ, ಕರುಳು ಎಲ್ಲ ಸೇರಿಸಿ, ಆಗಷ್ಟೇ ಸತ್ತ ಇಲಿಯನ್ನ ತಿನ್ನುತ್ತದೆ. ನಾವು ತರೋದು ಚಿಕನ್ ಅಂಗಡಿಯ ಬೋನ್‌ಲೆಸ್ ಅಥವಾ ಉಳಿಕೆ. ಎರಡೂ ಒಂದೇ ಅಲ್ಲ.

ಮೂಳೆ ಇಲ್ಲದ ಮಾಂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬರೀ ಅದನ್ನೇ ತಿಂದರೆ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳುತ್ತದೆ. ಮರಿಗಳಲ್ಲಿ ಕಾಲು ಸೊಟ್ಟ ಆಗುತ್ತದೆ, ಮಂಚದಿಂದ ಹಾರಿದರೂ ಮೂಳೆ ಮುರಿಯುತ್ತದೆ. ಲಿವರ್ ಒಳ್ಳೆಯದು ಅಂತ ದಿನಾ ಹಾಕಿದರೆ ವಿಟಮಿನ್ ಎ ವಿಪರೀತ ಆಗಿ ಕತ್ತಿನ ಮೂಳೆಗಳು ಬೆಸೆದುಕೊಳ್ಳುತ್ತವೆ. ಸೂಳೆಕೆರೆ ಮೀನು ಸಿಗುತ್ತದೆ, ಹಸಿಯಾಗಿಯೇ ಹಾಕೋಣ ಅಂದರೆ, ಗೆಂಡೆಯಂಥ ಕೆಲವು ಮೀನಿನಲ್ಲಿ ವಿಟಮಿನ್ ಬಿ1 ಹಾಳುಮಾಡುವ ಅಂಶ ಇದೆ. ಅದು ಬೇಯಿಸಿದರೆ ಮಾತ್ರ ಹೋಗುತ್ತದೆ. ಬಿ1 ಕಡಿಮೆ ಆದ ಬೆಕ್ಕು ಕತ್ತು ಎತ್ತಲಾರದೆ ತಲೆ ಬಗ್ಗಿಸಿಕೊಂಡು ಕೂರುತ್ತದೆ, ಫಿಟ್ಸ್ ಬರುತ್ತದೆ.

ಟೌರಿನ್ ಕಥೆ ಕೇಳಿದರೆ ಈ ಅಳತೆ ಎಷ್ಟು ಸೂಕ್ಷ್ಮ ಅಂತ ಗೊತ್ತಾಗುತ್ತದೆ. ಬೆಕ್ಕಿನ ಮೈ ಅದನ್ನ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಕಡಿಮೆ ಆದರೆ ಕಣ್ಣು ಹೋಗುತ್ತದೆ ಅಂತ 1970ರ ದಶಕದಲ್ಲೇ ತಿಳಿದಿತ್ತು. 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಿಯಾನ್ ಮತ್ತು ಅವರ ಜೊತೆಗಾರರು, ಹೃದಯ ಹಿಗ್ಗಿ ಸೋಲುವ ಕಾಯಿಲೆಗೂ ಇದರ ಕೊರತೆಯೇ ಕಾರಣ ಅಂತ ತೋರಿಸಿದರು. ಆ ಬೆಕ್ಕುಗಳು ತಿನ್ನುತ್ತಿದ್ದುದು ಕಂಪನಿಗಳ ಆಹಾರವನ್ನೇ. ಆಮೇಲೆ ಕಂಪನಿಗಳು ಟೌರಿನ್ ಜಾಸ್ತಿ ಮಾಡಿದವು, ಕಾಯಿಲೆ ಅಪರೂಪ ಆಯಿತು. ಪರಿಣತರನ್ನ ಇಟ್ಟುಕೊಂಡ ಕಾರ್ಖಾನೆಗಳಿಗೇ ತಪ್ಪಿದ ಅಳತೆಯನ್ನ ನಾವು ಅಡುಗೆಮನೆಯಲ್ಲಿ ಕಣ್ಣಂದಾಜಿನಲ್ಲಿ ಹೇಗೆ ಮಾಡೋದು?

ಇನ್ನು ರೋಗಾಣು. ಸಾಲ್ಮೊನೆಲ್ಲಾ, ಇ. ಕೋಲೈ, ಲಿಸ್ಟೀರಿಯಾ. ಫ್ರೀಜರ್‌ನಲ್ಲಿ ಇಟ್ಟರೆ ಇವು ಸಾಯುವುದಿಲ್ಲ, ಸುಮ್ನೆ ನಿದ್ದೆ ಮಾಡುತ್ತವೆ. ಬೆಕ್ಕು ಆರಾಮಾಗಿ ಕಂಡರೂ ಅದರ ಮಲದಲ್ಲಿ, ತಟ್ಟೆಯಲ್ಲಿ, ಮೈ ನೆಕ್ಕಿದ ಕೂದಲಲ್ಲಿ ರೋಗಾಣು ಇರಬಹುದು, ಅದನ್ನ ಮುದ್ದಾಡುವ ಮಗುವಿಗೆ ದಾಟಬಹುದು. ಟಾಕ್ಸೋಪ್ಲಾಸ್ಮಾ ಅನ್ನುವ ಪರೋಪಜೀವಿಯೂ ಹಸಿ ಮಾಂಸದಿಂದಲೇ ಬೆಕ್ಕಿಗೆ ಬರಬಹುದು, ಮನೆಯಲ್ಲಿ ಬಸುರಿ ಹೆಣ್ಣುಮಗಳು ಇದ್ದರೆ ಇದು ಗಂಭೀರ ವಿಷಯ. ಈಗ ಹಕ್ಕಿಜ್ವರ ಬೇರೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಪ್ಯಾಕ್ ಮಾಡಿದ ಹಸಿ ಟರ್ಕಿ ಮಾಂಸದ ಆಹಾರ ತಿಂದ ಮನೆಬೆಕ್ಕು ಎಚ್5ಎನ್1 ಅನ್ನುವ ಹಕ್ಕಿಜ್ವರದ ವೈರಸ್ ತಗುಲಿ ಸತ್ತಿತು. 2025ರ ಆರಂಭದಲ್ಲಿ ನಮ್ಮದೇ ದೇಶದ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕುಬೆಕ್ಕುಗಳಲ್ಲಿ ಅದೇ ಸೋಂಕು ಕಂಡಿತು. 40 ಡಿಗ್ರಿ ಹತ್ತಿರದ ಬಿಸಿಲಲ್ಲಿ, ಕೋಳಿ ಕೊಯ್ಯುವ ಕಲ್ಲಿನಿಂದ ಕವರ್‌ನಲ್ಲಿ ಮನೆಗೆ ಬಂದ ಹಸಿ ಚಿಕನ್ನನ್ನ ನನ್ನ ಬೆಕ್ಕಿಗೆ ನಾನು ಹಾಕುವುದಿಲ್ಲ. ನಿಮಗೂ ಬೇಡ ಅಂತಲೇ ಹೇಳುತ್ತೇನೆ.

ಬೇಯಿಸಿದ ಚಿಕನ್ ಬೇರೆ ಮಾತು. ನೀವು ಮಾಂಸ ಮಾಡುವ ಮನೆಯವರಾದರೆ ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ನಾಲ್ಕು ತುಂಡು ಬೇರೆ ಬೇಯಿಸಿ, ಮೂಳೆ ತೆಗೆದು, ಬೆಂದ ನೀರಿನ ಸಮೇತ ಹಾಕಿ. ಆ ನೀರೇ ದೊಡ್ಡ ಲಾಭ. ಬೆಂದ ಮೂಳೆ ಮಾತ್ರ ಬೇಡ, ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಇದೂ ದಿನದ ಊಟದ ಹತ್ತನೇ ಒಂದು ಪಾಲು ಇರಲಿ, ಪೂರ್ತಿ ಊಟ ಆಗೋದು ಬೇಡ.

ಹಾಲು-ಅನ್ನ ತಿಂದೇ ನಮ್ಮಜ್ಜಿ ಮನೆ ಬೆಕ್ಕುಗಳು ಬದುಕಿದ್ದವಲ್ವಾ ಅಂತ ಕೇಳುತ್ತೀರಿ. ಆ ಬೆಕ್ಕುಗಳು ಹಗೇವು, ಹುಲ್ಲಿನ ಬಣವೆ, ಕಣ ಎಲ್ಲ ಸುತ್ತಿ ಇಲಿ ಹಿಡಿಯುತ್ತಿದ್ದವು, ಹಾಲು-ಅನ್ನ ಮೇಲುಖರ್ಚು ಅಷ್ಟೇ. ಫ್ಲ್ಯಾಟ್‌ನೊಳಗೆ ಕೂತ ಬೆಕ್ಕಿಗೆ ಅದೊಂದೇ ಹಾಕಿದರೆ ಸೊರಗುತ್ತದೆ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದೂ ಇಲ್ಲ, ಭೇದಿ ಆಗಿ ಇದ್ದ ನೀರೂ ಹೋಗುತ್ತದೆ. ಮನೆಗೆ ಬಂದ ನೆಂಟರು ಪ್ರೀತಿಯಿಂದ ಬೆಣ್ಣೆ ದೋಸೆಯ ಪಲ್ಯ ಹಾಕುತ್ತಾರೆ, ಒಗ್ಗರಣೆ ಮಂಡಕ್ಕಿ ಹಾಕುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ, ಆದ್ದರಿಂದ ಅವರ ಕೈ ಹಿಡಿದಾದರೂ ತಡೆಯಿರಿ.

ಹಾಗಾದರೆ ಯಾರಿಗೆ ಯಾವುದು? ಮೂತ್ರದ ಅಥವಾ ಕಿಡ್ನಿ ತೊಂದರೆ ಇದ್ದರೆ ದುಡ್ಡು ಹೊಂದಿಸಿಕೊಂಡು ವೆಟ್ ಕಡೆಗೇ ಹೋಗಿ, ಡಾಕ್ಟರ್ ಬರೆದುಕೊಡುವ ವಿಶೇಷ ಆಹಾರ ಇದ್ದರೆ ಅದನ್ನೇ ಹಾಕಿ. ಆರೋಗ್ಯವಾಗಿರುವ ಬೆಕ್ಕಿಗೆ ನನ್ನ ಆಯ್ಕೆ ಎರಡೂ ಸೇರಿಸಿದ್ದು: ಬೆಳಗ್ಗೆ ಅಳೆದ ಡ್ರೈ, ಸಂಜೆ ಒಂದು ಪೌಚ್, ಅದಕ್ಕೆ ಎರಡು ಚಮಚ ಉಗುರುಬೆಚ್ಚನೆ ನೀರು. ಪೌಚ್ ಕೊಳ್ಳೋಕೆ ಆಗದಿದ್ದರೆ ಬರೀ ಡ್ರೈ ಹಾಕಿ, ತಪ್ಪಿಲ್ಲ, ಆದರೆ ನೀರಿನ ಕಡೆ ಗಮನ ಕೊಡಿ. ನಾವು ಮನೆಯಲ್ಲಿ ಮೂರು ಕಡೆ ಅಗಲ ಬಾಯಿಯ ಮಣ್ಣಿನ ಬಟ್ಟಲು ಇಟ್ಟಿದ್ದೇವೆ, ಊಟದ ತಟ್ಟೆಯಿಂದ ದೂರ. ಮಣ್ಣಿನದರಲ್ಲಿ ನೀರು ತಣ್ಣಗಿರುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ಬದಲಾಯಿಸುತ್ತೇವೆ. ಡ್ರೈ ಕಾಳಿಗೇ ನೀರು ಬೆರೆಸಿ ಕೊಡಬಹುದು, ಆದರೆ ಒದ್ದೆ ಆದಮೇಲೆ ಅದೂ ವೆಟ್ ಥರವೇ ಬೇಗ ಹಳಸುತ್ತದೆ.

ಬದಲಾಯಿಸುವಾಗ ಅವಸರ ಬೇಡ. ಹತ್ತು ದಿನ ತೆಗೆದುಕೊಳ್ಳಿ. ಮೊದಲು ಹಳೆಯದರ ಜೊತೆ ಹೊಸದು ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಹಸಿವಾದರೆ ತಾನೇ ತಿನ್ನುತ್ತೆ ಬಿಡು ಅನ್ನೋದು ಬೆಕ್ಕಿಗೆ ನಡೆಯಲ್ಲ. ಎರಡು ಮೂರು ದಿನ ಉಪವಾಸ ಬಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಲಿವರ್‌ನಲ್ಲಿ ಕೊಬ್ಬು ಸೇರಿ ಜೀವಕ್ಕೇ ಅಪಾಯ. ಒಂದು ದಿನ ಪೂರ್ತಿ ಮೂತಿ ಹಾಕದಿದ್ದರೆ ಹಳೆ ಊಟಕ್ಕೇ ವಾಪಸ್ ಹೋಗಿ, ಡಾಕ್ಟರಿಗೆ ಫೋನ್ ಮಾಡಿ.

ಗುಂಡ ಮೊದಲ ಐದು ದಿನ ಪೌಚ್‌ನ ಗ್ರೇವಿ ಮಾತ್ರ ನೆಕ್ಕಿ ತುಂಡುಗಳನ್ನ ಬಿಟ್ಟು ಹೋಗುತ್ತಿದ್ದ. ಆರನೇ ದಿನ ಅತ್ತೆ ಪೌಚನ್ನ ಬಿಸಿನೀರಿನ ಲೋಟದಲ್ಲಿ ಎರಡು ನಿಮಿಷ ಇಟ್ಟು, ಬೆಚ್ಚಗೆ ಮಾಡಿ, ಚಮಚದಲ್ಲಿ ಕಿವುಚಿ, ಅವನ ಡ್ರೈ ಕಾಳು ನಾಲ್ಕು ಮೇಲೆ ಉದುರಿಸಿ ಇಟ್ಟರು. ತಟ್ಟೆ ಖಾಲಿ. ಈಗ ಬೆಳಗ್ಗೆ ಟ್ರೇ ಬಳಿಯುವಾಗ ಮೂತ್ರಕ್ಕೆ ಗಟ್ಟಿಯಾದ ಮರಳಿನ ಉಂಡೆ ಎಷ್ಟು, ಎಷ್ಟು ದೊಡ್ಡದು ಅಂತ ನೋಡೋದು ನಮಗೆ ರೂಢಿ ಆಗಿದೆ. ಮುಂಚೆ ನಿಂಬೆಹಣ್ಣಿನಷ್ಟು ಒಂದೇ ಇರುತ್ತಿತ್ತು, ಈಗ ದಿನಕ್ಕೆ ದೊಡ್ಡದು ಮೂರು ಇರುತ್ತವೆ.